ಶುಕ್ರವಾರದ ಮೀನು ಬುಟ್ಟಿ

ಕಿಸುಮು, ಶುಕ್ರವಾರ

ಓಡೇರಾ ಮೇಡಮ್ ಅವರಿಗೆ,

ಆಟಿಸಂ ಇರುವ ನನ್ನ ಮಗಳು ಅಪೊಂಡಿಗೆ ಏನೇನು ಬರುತ್ತದೆಂದು ನೋಡಿ ಥೆರಪಿ ಗೊತ್ತುಮಾಡಲು ನೀವು ಕೊಟ್ಟದ್ದು ಹತ್ತು ನಿಮಿಷ. ಬೇರೆಬೇರೆ ಮಾಡಿಡಲು ನೀವು ಕೊಟ್ಟ ಬಣ್ಣದ ಪ್ಲಾಸ್ಟಿಕ್ ತುಂಡುಗಳನ್ನು ಅವಳು ಮುಟ್ಟಲಿಲ್ಲ. “ವಿಂಗಡಿಸೋಕೇ ಬರಲ್ಲ, ಅಪೊಂಡಿಯಮ್ಮ. ಥೆರಪಿ ಕೊಟ್ರೂ ದಂಡ, ಮನೇಲೇ ಕೂರಿಸ್ಕೊಳ್ಳಿ” ಎಂದು ಫಾರಂ ಮುಚ್ಚಿದಿರಿ.

ಎರಡು ವರ್ಷದಿಂದ ಪ್ರತಿ ಶುಕ್ರವಾರ ನನ್ನ ಅಂಗಡಿಯಿಂದ ನಿಮ್ಮ ಮನೆಗೆ ಬರುವ ಬುಟ್ಟಿಗೆ ಮೀನು ಆರಿಸುತ್ತಿದ್ದವಳು ಅವಳೇ. ಕಿವಿರು ಮೂಸಿ ಕೆಟ್ಟದ್ದನ್ನು ಆಚೆ ಎಸೆಯುತ್ತಾಳೆ, ಒಮ್ಮೆಯೂ ತಪ್ಪಿಲ್ಲ.

ನಾಳೆ ನಿಮ್ಮ ಮನೆಗೆ ಬೀಗರು ಬರುತ್ತಾರಂತೆ. ಈ ಸಲದ ಬುಟ್ಟಿಯನ್ನು ಅವಳ ಕೈಗೆ ಕೊಡದೆ ಹಾಗೇ ಕಳಿಸಿದ್ದೇನೆ. ಮೊನ್ನೆಯ ಮೀನೂ ಇವತ್ತಿನದೂ ಬೆರೆತಿವೆ. ನೀವೇ ವಿಂಗಡಿಸಿಕೊಳ್ಳಿ. ಹತ್ತು ನಿಮಿಷ ಸಾಕಲ್ಲವೇ?

ಆಗದಿದ್ದರೆ ಅಂಗಡಿಗೆ ಬನ್ನಿ, ಅಪೊಂಡಿ ಇರುತ್ತಾಳೆ. ಬರುವಾಗ ಆ ಫಾರಂ ತನ್ನಿ.

ಇತಿ,
ಮೀನಿನಂಗಡಿಯ ಪರ್ಪೆಟುವಾ ಅವೂರ್