ನಾಲ್ಕನೇ ಜ್ವರ

ಕೈಲಾಂಚ, ಸೆಪ್ಟೆಂಬರ್ 2004

ಚಿ. ಸೌ. ಜಯಶೀಲಾ,

ನಿನಗೂ ಮೊಮ್ಮಕ್ಕಳಿಗೂ ಆಶೀರ್ವಾದ. ಹೆಡ್ಮೇಡಂ ಆಗಿ ಬಂದ ಮೊದಲ ಅವಧಿಯಲ್ಲೇ ನಿನ್ನ ಅತ್ತೆಯ ಮಾನ ಹೋಯಿತು. ಸೋಮವಾರ ಶಾಲೆಗೆ ಅರ್ಧ ಮಕ್ಕಳೂ ಬರಲಿಲ್ಲ. ಬಂದವರನ್ನು ಕೇಳಿದರೆ, "ಅವ್ರ ಮನೇಲಿ ನಾಲ್ಕನೇ ಜ್ವರ, ಮೇಡಂ" ಎಂದರು. ಗಾಬರಿಯಾಗಿ ನರ್ಸಮ್ಮನನ್ನು, ಏನೋ ಹೇಳಬಂದರೂ ಬಾಯಿ ಬಿಡಲು ಬಿಡದೆ, ಮಾತ್ರೆ ಸಮೇತ ಎಳೆದುಕೊಂಡು ಮಾಯಮ್ಮ ಎಂಬಾಕೆಯ ಮನೆ ಬಾಗಿಲಿಗೆ ನುಗ್ಗಿದೆ. ಗುಂಡುಕಲ್ಲಿನಂತಿದ್ದ ಆಕೆಯ ಮಕ್ಕಳು ಜಗಲಿಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು.

"ಜ್ವರ ಮಕ್ಳಿಗಲ್ಲ ಕಣ್ ಮೇಡಮ್ಮಾರೆ, ರೇಷ್ಮೆ ಹುಳಕ್ಕೆ! ಪೊರೆ ಬುಡೋದ್ನ ನಾವು ಜ್ವರ ಅಂತೀವಿ, ನಾಲ್ಕನೇದೇ ಕಡೇದು. ಎದ್ಮೇಲೆ ಒಂದೇ ಸಮ ತಿಂತವೆ. ಇವ್ರಪ್ಪ ಬಿಡದಿ ಫ್ಯಾಕ್ಟ್ರಿಗೆ ಹೋಯ್ತರೆ, ಸೊಪ್ಪು ತರೋರ್ಯಾರು? ಒಳಿಕ್ ಮಾತ್ರ ಬರ್ಬ್ಯಾಡಿ, ನಿಮ್ ಪೌಡ್ರು ವಾಸ್ನೆ ಹುಳಕ್ಕಾಗಕಿಲ್ಲ," ಎಂದು ಆಕೆ ಬಾಗಿಲಿಗೆ ಅಡ್ಡ ನಿಂತಳು.

ನರ್ಸಮ್ಮ ಮುಖ ತಿರುಗಿಸಿ ನಕ್ಕದ್ದು ಕಂಡಿತು. "ಗುರುವಾರದಿಂದ ಪರೀಕ್ಷೆ!" ಎಂದು ಹೊಸ್ತಿಲಾಚೆಯಿಂದಲೇ ಗದರಿದೆ.

"ಹುಳ ಗೂಡು ಕಟ್ಟಕ್ ಸುರು ಮಾಡ್ಲಿ, ನಾನೇ ಕರ್ಕಂಬತ್ತೀನಿ," ಎಂದಳು ಮಾಯಮ್ಮ, ನನ್ನ ಗದರಿಕೆಗೆ ಒಸಿಯೂ ಅಲುಗದೆ.

ಹಟ ಹಿಡಿದಿದ್ದರೆ ಖಾಲಿ ಬೆಂಚುಗಳಿಗೆ ಪ್ರಶ್ನೆಪತ್ರಿಕೆ ಹಂಚಬೇಕಿತ್ತು.

ಮಂಡಿನೋವು ಕಡಿಮೆಯಿದೆ, ಎಣ್ಣೆ ಕಳಿಸಬೇಡ. ಈ ಕಾರ್ಡು ಮಾತ್ರ ನಿನ್ನ ಮಾವನವರ ಕೈಗೆ ಸಿಗದಿರಲಿ. ಮನೆಯಲ್ಲಿ ಯಾರಿಗಾಗಿಯೂ ಊಟದ ಹೊತ್ತು ಬದಲಿಸದ ನಾನು, ಇಲ್ಲಿ ಹುಳುಗಳ ಊಟ ಮುಗಿಯಲಿ ಎಂದು ಪರೀಕ್ಷೆಯನ್ನು ಮುಂದಿನ ವಾರಕ್ಕೆ ಹಾಕಿದ್ದೇನೆ.

ಅವಸರದಲ್ಲಿ,
ನಿನ್ನ ಅತ್ತೆ