ಯಾಳಿನಿಗೆ ಆಗ ಹದಿನೈದು

ವಿಮಲಕ್ಕಾ,

ನೀವಿದ್ದಾಗ ನಿಮಗೊಂದು ಕಾಗದ ಬರೆದವಳಲ್ಲ ನಾನು. ಕೊಲಿಂಡೇಲ್‌ನಿಂದ ರೇನರ್ಸ್ ಲೇನ್‌ಗೆ ಒಂದೇ ಲಂಡನ್ನಿನೊಳಗೆ ಯಾರಾದರೂ ಕಾಗದ ಬರೆಯುತ್ತಾರೆಯೇ? ಫೋನ್ ಎತ್ತಿದರೆ ಆಯಿತು. ನೀವು "ಹೇಳವಾ" ಅಂದಿರೆಂದರೆ ಇಬ್ಬರ ಮನೆಯ ಸಾರೂ ಉಕ್ಕುವವರೆಗೆ ಮಾತು. ಈಗ ಹೇಳಲೇಬೇಕಾದ ಸುದ್ದಿ ಬಂದಿದೆ, ಫೋನ್ ಎತ್ತಲು ನೀವಿಲ್ಲ. ನಿಮ್ಮ ರಾಯರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, "ಅಕಿಗೆ ಗೊತ್ತಾಗಬೇಕಿತ್ತು" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮೊದಲ ಸಲ ಯಾಳಿನಿಗಾಗಿ ಫೋನ್ ಮಾಡಿದ ಸಂಜೆ ನೆನಪಿದೆಯೇ? "ಸುಮಾ, ನಿಂಗ ತಮಿಳ ಬರ್ತದಲ್ಲ? ಲಗೂನ ಬಾ. ಹುಡಿಗಿ ಬಂದಾಳ, ಒಂದ ಮಾತೂ ತಿಳೀವಲ್ದು." ಗಂಡುಮಕ್ಕಳಿಬ್ಬರೂ ಓದಿಗೆಂದು ಮನೆಬಿಟ್ಟ ಮೇಲೆ ಖಾಲಿ ಬಿದ್ದ ಕೋಣೆಯನ್ನು ನೀವು, ಒಂಟಿಯಾಗಿ ಈ ದೇಶಕ್ಕೆ ಬಂದಿಳಿಯುವ ಮಕ್ಕಳಿಗೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದಿರಿ. ಹದಿನೆಂಟು ತುಂಬುವವರೆಗೆ ಅಂಥ ಮಕ್ಕಳನ್ನು ನೋಡಿಕೊಳ್ಳುವುದು ಕೌನ್ಸಿಲ್‌ನ ಜವಾಬ್ದಾರಿ. ಏಷ್ಯಾದ ಹುಡುಗಿ, ಏಷ್ಯಾದ ಮನೆ, ಸರಿಹೋಯಿತು ಎಂದುಕೊಂಡಿರಬೇಕು ಅವರು. ಧಾರವಾಡಕ್ಕೂ ಜಾಫ್ನಾಕ್ಕೂ ನಡುವೆ ಒಂದು ಸಮುದ್ರವೇ ಇದೆ ಎಂದು ಅವರಿಗೆ ಹೇಳುವವರು ಯಾರು? ನಾನು ಬಂದಾಗ ಅವಳು ಸೋಫಾದ ತುದಿಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದಳು. ಹಲಸೂರಿನಲ್ಲಿ ಅಕ್ಕಪಕ್ಕದ ಮನೆಯವರಿಂದ ಕಲಿತ ತಮಿಳಿನಲ್ಲಿ ಊಟವಾಯಿತೇ ಎಂದು ಕೇಳಿದೆ. ಅವಳು ನನ್ನ ತೋಳು ಹಿಡಿದುಕೊಂಡವಳು ಬಿಡಲಿಲ್ಲ. ಅಪ್ಪನನ್ನು ಸೈನಿಕರು ಕರೆದೊಯ್ದಿದ್ದರು, ಅಣ್ಣ ಎಲ್ಲಿದ್ದಾನೋ ಗೊತ್ತಿರಲಿಲ್ಲ. ಅಮ್ಮ ಇವಳನ್ನು ಒಬ್ಬ ಏಜೆಂಟನ ಕೈಗೊಪ್ಪಿಸಿ ವಿಮಾನ ಹತ್ತಿಸಿದ್ದಳು. ಲಂಡನ್ನಿನಲ್ಲಿ ಇಳಿದ ಮೇಲೆ ಅವನು ಇವಳ ಪಾಸ್‌ಪೋರ್ಟ್ ಇಸಿದುಕೊಂಡು, ಇಲ್ಲೇ ನಿಂತಿರು ಎಂದು ಹೇಳಿ ಹೋದವನು ತಿರುಗಿ ಬರಲಿಲ್ಲ. ವಯಸ್ಸೆಷ್ಟು ಎಂದು ಕೇಳಿದೆ. ಹದಿನೈದು ಎಂದಳು. ನಾನು ಅದನ್ನು ನಿಮಗೆ ಕನ್ನಡದಲ್ಲಿ ಹೇಳಿದೆ. ನೀವು "ಹಸದಿರಬೇಕು ಕೂಸು" ಎನ್ನುತ್ತ ಒಳಗೆ ಹೋದಿರಿ.

ಮೀನಿನ ಪ್ರಸಂಗ ನೆನೆಸಿಕೊಂಡರೆ ಇಂದಿಗೂ ನಗು ಬರುತ್ತದೆ. ಏಕಾದಶಿ ಬಂದರೆ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆ ನಿಮ್ಮದು. ಅವಳಿಗೋ ನಿಮ್ಮ ರೊಟ್ಟಿ ಗಂಟಲಿಗಿಳಿಯದು. ಮೀನಿಗೆ ಆಸೆಪಡುತ್ತಿದ್ದಾಳೆ ಎಂದು ನಾನು ಹೇಳಿದ್ದೇ ತಪ್ಪಾಯಿತೇನೋ ಎನ್ನುವಷ್ಟು ದಿನ ನೀವು ಆ ಮಾತೇ ಎತ್ತಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನೋಡುತ್ತೇನೆ, ಅವಳು ಹಿತ್ತಲಿನ ಬೆಂಚಿನ ಮೇಲೆ ಮೂಲೆಯ ಅಂಗಡಿಯ ಕರಿದ ಮೀನು ಬಿಚ್ಚಿಕೊಂಡು ಕೂತಿದ್ದಾಳೆ, ನೀವು ಅಡುಗೆಮನೆಯ ಕಿಟಕಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತು, "ಮುಳ್ಳ ನೋಡಿ ತಿನ್ನವಾ, ರಾಯರು ಬರೂದ್ರಾಗ ಮುಗಸು" ಎಂದು ಕೂಗುತ್ತಿದ್ದೀರಿ. ಆ ಮೀನಿನಲ್ಲಿ ಮುಳ್ಳೆಲ್ಲಿ ಬಂತು ಅಕ್ಕ? ವರ್ಷ ತುಂಬುವಷ್ಟರಲ್ಲಿ ಅವಳು ನಿಮ್ಮ ಕನ್ನಡ ಕಲಿತಳು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರೆ, ಜಾಫ್ನಾದ ಹುಡುಗಿ "ಹೌದ್ರಿ", "ಬ್ಯಾಡ್ರಿ", "ಸಾಕಾತ್ರಿ" ಅನ್ನುತ್ತಿದ್ದಳು. ಆಂಟಿ ಅನ್ನಬೇಡ, ಅವ್ವ ಅಂತೂ ಬೇಡವೇ ಬೇಡ, ನಿಮ್ಮವ್ವ ಅದಾಳ ಎಂದು ಹೇಳಿ ನೀವು ಅವಳಿಂದ "ಅಕ್ಕಾರ" ಎಂದು ಕರೆಸಿಕೊಂಡಿರಿ. ಹಿತ್ತಲಿನ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು ಕುಂಟಾಬಿಲ್ಲೆ ಆಡುತ್ತಿದ್ದಳು. ರಾಯರು ವಾರ್ತೆ ನೋಡಲು ಕಾರ್ಟೂನು ಬದಲಿಸಿದರೆ ಮುಖ ಊದಿಸಿಕೊಂಡು ಮಹಡಿ ಹತ್ತುತ್ತಿದ್ದಳು.

ಯುಗಾದಿಗೆ ನಮ್ಮವರೆಲ್ಲ ಸೇರಿದ್ದ ಹಾಲ್‌ನಲ್ಲಿ ನೀವು ಹೋಳಿಗೆ ಬಡಿಸುತ್ತ ಜಗಳಕ್ಕೆ ನಿಂತಿರಲ್ಲ, ಅದನ್ನು ಇಲ್ಲಿಯವರು ಈಗಲೂ ಹೇಳಿಕೊಂಡು ನಗುತ್ತಾರೆ. ಆಗ ಪೇಪರಿನಲ್ಲಿ, ಟಿವಿಯಲ್ಲಿ, ಪಾರ್ಲಿಮೆಂಟಿನಲ್ಲಿ ಎಲ್ಲ ಕಡೆಯೂ ಅದೇ ಮಾತು. ಒಂಟಿಯಾಗಿ ಬರುವ ಈ ಮಕ್ಕಳು ನಿಜವಾಗಿಯೂ ಮಕ್ಕಳೇ? ಬಾಗಿಲು ತೆರೆದಿಟ್ಟರೆ ಇನ್ನೆಷ್ಟು ಜನ ಬಂದಾರು? ಮುಚ್ಚಿದರೆ ನಿಜವಾದ ಮಗು ಎಲ್ಲಿಗೆ ಹೋಗಬೇಕು ಎಂದು ಕೇಳುವವರೂ ಇದ್ದರು, ಅವರ ದನಿ ಸಣ್ಣದು. ನಮ್ಮ ಮೈಸೂರಿನ ಡಾಕ್ಟರೊಬ್ಬರು ಎಲೆಯ ಮುಂದೆ ಕೂತು, "ನೋಡಿ ಮೇಡಂ, ನಾವೆಲ್ಲ ಪರೀಕ್ಷೆ ಬರೆದು, ವೀಸಾ ತೊಗೊಂಡು, ಕ್ಯೂನಲ್ಲಿ ನಿಂತು ಬಂದೋರು. ಇವ್ರು ವಯಸ್ಸು ಸುಳ್ಳು ಹೇಳ್ಕೊಂಡು ಬಂದ್ಬಿಡ್ತಾರೆ. ಇವರಿಂದ ನಮ್ಗೂ ಕೆಟ್ಟ ಹೆಸರು" ಅಂದರು. ನೀವು ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಕೇಳಿದಿರಿ, "ನಿಮ್ಮ ಪಾಸ್‌ಪೋರ್ಟಿನ್ಯಾಗ ಹುಟ್ಟಿದ ತಾರೀಖು ಯಾವುದೈತ್ರೀ ಡಾಕ್ಟ್ರ?" ಜೂನ್ ಒಂದು ಎಂದರು. "ಖರೇ ಹುಟ್ಟಿದ್ದು ಯಾವಾಗ್ರೀ?" ಅವರು ತಲೆ ಕೆರೆದುಕೊಂಡು, "ದೀಪಾವಳಿ ಹತ್ರ ಅಂತಾರೆ ನಮ್ಮಮ್ಮ" ಅಂದರು. ಹಾಲ್‌ಗೆ ಹಾಲೇ ನಕ್ಕಿತು. ನಗದೆ ಇರಲು ಹೇಗಾದೀತು? ಹೆಡ್‌ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ಹುಟ್ಟಿಸಿದ ಜೂನ್ ಒಂದನೇ ತಾರೀಖಿನವರೇ ಅಲ್ಲಿ ಅರ್ಧ ಜನ. ಆದರೆ ಮನೆಗೆ ಬರುವಾಗ ಟ್ಯೂಬ್ ರೈಲಿನಲ್ಲಿ ನೀವು, "ನಗಿ ಆತು ಖರೇ ಸುಮಾ. ಆದ್ರ ಅವರಂದದ್ದ ಎಲ್ಲಾರೂ ಅಂತಾರ" ಅಂದಿರಿ.

ಯಾಳಿನಿಯ ವಯಸ್ಸಿನ ಬಗ್ಗೆ ಅನುಮಾನವಿದೆ, ಕರೆತನ್ನಿ ಎಂದು ಕೌನ್ಸಿಲ್ ಆಫೀಸಿನಿಂದ ಹೇಳಿಕಳಿಸಿದಾಗ ನೀವು ಮೊದಲು ಓಡಿದ್ದು ಡಾಕ್ಟರಾಗಿದ್ದ ರಾಯರ ಬಳಿಗೆ. ಎಲುಬಿನ ಎಕ್ಸ್‌ರೇ ತೆಗೆದು ಹೇಳಲು ಬರುವುದಿಲ್ಲವೇ ಎಂದು ಕೇಳಿದಿರಿ. "ಒಂದೆರಡು ವರ್ಷ ಆಚೀಚಿ ಆಗ್ತದ. ಯಾವ ಡಾಕ್ಟರಿಗೂ ಖಾತ್ರಿ ಹೇಳಲಿಕ್ಕೆ ಬರೂದಿಲ್ಲ. ಮಾರಿ ನೋಡ್ತಾರ, ಹೆಂಗ ಕೂಡ್ತಾಳ, ಹೆಂಗ ಮಾತಾಡ್ತಾಳ, ಅದನ್ನ ನೋಡ್ತಾರ" ಅಂದರು ರಾಯರು. ಅಷ್ಟು ಕೇಳಿದ್ದೇ ನಿಮಗೆ ಜೀವ ಬಂತು. ಹುಡುಗಿಯನ್ನು ನೋಡಲು ಬಂದವರ ಮುಂದೆ ಹೇಗೆ ಕೂರಿಸಬೇಕೆಂದು ನಿಮಗೆ ಯಾರಾದರೂ ಹೇಳಿಕೊಡಬೇಕೇ? ತಂಗಿಯರನ್ನು, ನಾದಿನಿಯರನ್ನು ಎಲ್ಲರನ್ನೂ ಗಂಡಿನ ಕಡೆಯವರ ಮುಂದೆ ಕೂರಿಸಿ ಗೆದ್ದವರು ನೀವು. ನಾನು ಟ್ಯೂಬ್ ಸ್ಟೇಷನ್ನಿಗೆ ಬರುವಷ್ಟರಲ್ಲಿ ಯಾಳಿನಿ ನಿಮ್ಮ ಇಳಕಲ್ ಸೀರೆ ಉಟ್ಟು, ಖಣದ ಕುಪ್ಪಸ ತೊಟ್ಟು, ತುರುಬು ಕಟ್ಟಿಕೊಂಡು ನಿಂತಿದ್ದಳು. "ಬೀದಿ ಮ್ಯಾಗ ಸಿಕ್ಕ ಹುಡಿಗಿ ಅಲ್ಲ, ಮನಿತನಸ್ಥರ ಮಗಳು ಅಂತ ನೋಡಿದ ಕೂಡ್ಲೆ ತಿಳೀಬೇಕವಾ" ಅಂದಿರಿ. ದಾರಿಯುದ್ದಕ್ಕೂ ಪಾಠ ಹೇಳಿದಿರಿ. ಬೆನ್ನು ನೆಟ್ಟಗಿಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡು, ದನಿ ಏರಿಸಬೇಡ, ಅಪ್ಪನ ಮಾತು ಬಂದರೂ ಅಳಬೇಡ. ನಮ್ಮಿಬ್ಬರನ್ನೂ ಅವರು ಹೊರಗೇ ಕೂರಿಸಿದರು. ಒಳಗೆ ಅವಳು ನೀವು ಹೇಳಿದ್ದರಲ್ಲಿ ಒಂದನ್ನೂ ತಪ್ಪಲಿಲ್ಲ.

ತೀರ್ಮಾನ ಬಂದ ದಿನ ನೀವು ಅದನ್ನು ಓದಿ, ಒಲೆ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿರಿ. ಹುಡುಗಿಯ ಉಡುಪು ದೊಡ್ಡ ಹೆಂಗಸಿನದು, ಕೂತ ರೀತಿ ಮತ್ತು ಸಮಾಧಾನ ಬೆಳೆದವರದು, ತಂದೆಯ ವಿಷಯವನ್ನೂ ಅಳುಕಿಲ್ಲದೆ ಹೇಳಿದಳು, ಆದ್ದರಿಂದ ಹದಿನೆಂಟು ದಾಟಿದವಳು ಎಂದು ನಂಬಬೇಕಾಗಿದೆ, ಹೀಗೆ ಬರೆದಿದ್ದರು. "ಕುಂಟಾಬಿಲ್ಲಿ ಆಡೂ ಕೂಸಿಗೆ ನಾ ಸೀರಿ ಉಡಸಿದ್ನಲ್ಲ ಸುಮಾ" ಎಂದು ಹಣೆ ಹಣೆ ಬಡಿದುಕೊಂಡಿರಿ. ನೀವು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ದೊಡ್ಡವಳೆಂದ ಮೇಲೆ ನಿಮ್ಮ ಮನೆಯಲ್ಲಿ ಇಡುವ ಹಾಗಿಲ್ಲ. ಉತ್ತರದ ಯಾವುದೋ ಊರಿನಲ್ಲಿ, ಗುರುತಿಲ್ಲದ ಹೆಂಗಸರ ಜೊತೆ ಒಂದು ಕೋಣೆ. ಕಾರು ಬಂದಾಗ ನೀವು ಉಂಡಿಯ ಡಬ್ಬಿ ಹಿಡಿದುಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದಿರಿ. ಅವಳು ಡಬ್ಬಿ ತೆಗೆದುಕೊಂಡಳು, ಆದರೆ ಮುಖ ಎತ್ತಲಿಲ್ಲ. ಒಂದೇ ಒಂದು ಸಲ ನೋಡಬಾರದಿತ್ತೇ ಅಂದುಕೊಂಡೆ ನಾನು.

ನಿಮ್ಮ ಕೊನೆಯ ಚಳಿಗಾಲದಲ್ಲಿ ನಾನು ಆಸ್ಪತ್ರೆಗೆ ಬಂದಾಗಲೆಲ್ಲ ನೀವು ಕೇಳುತ್ತಿದ್ದುದು ಒಂದೇ ಮಾತು. "ಅಕಿದೇನರ ಸುದ್ದಿ ಬಂತೇನ?" ಮೊದಲ ತಿಂಗಳುಗಳಲ್ಲಿ ಎಷ್ಟು ಕಡೆ ಫೋನ್ ಮಾಡಿದ್ದಿರಿ, ಎಂಪಿಯನ್ನೂ ಹೋಗಿ ನೋಡಿ ಬಂದಿರಿ. ಅವರು ತುಂಬ ಮರ್ಯಾದೆಯಿಂದ ಚಹಾ ಕೊಟ್ಟು, ವಿಚಾರಿಸುತ್ತೇನೆ ಎಂದು ಕಳಿಸಿದರು. ಅಷ್ಟರಲ್ಲಿ ಅವಳನ್ನು ಇನ್ನೆಲ್ಲಿಗೋ ಬದಲಿಸಿದ್ದರು. ನಿಮ್ಮ ನಂಬರು ಅವಳಿಗೆ ಬಾಯಿಪಾಠವಿತ್ತು, ಅಲ್ಲವೇ? ನೀವೇ ಕಲಿಸಿದ್ದು. ಹಾಗಿದ್ದೂ ಅವಳು ಒಂದು ಸಲವೂ ಮಾಡಲಿಲ್ಲ. "ನನ್ನ ಮ್ಯಾಲ ಸಿಟ್ಟಾಗ್ಯಾಳ. ಆಗಬೇಕಾದ್ದ. ಅಕಿ ಬಾಳೇವು ನಾನ ಕೆಡಸಿದ್ನಲ್ಲ" ಅನ್ನುತ್ತಿದ್ದಿರಿ. ಹಾಗೇನಿಲ್ಲ ಅಕ್ಕ ಎಂದರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಿರಿ. ಆ ಮಾತನ್ನು ಹಿಡಿದುಕೊಂಡೇ ನೀವು...

ನಿಮ್ಮ ವರ್ಷಾಬ್ದಿಕ ಮುಗಿದ ಸ್ವಲ್ಪ ದಿನಕ್ಕೆ ಒಬ್ಬ ವಕೀಲೆ ನಿಮ್ಮ ಮನೆಗೆ ಫೋನ್ ಮಾಡಿದರು. ಯಾಳಿನಿಯ ಪರವಾಗಿ ಕೋರ್ಟಿಗೆ ಹೋಗಿದ್ದೇವೆ, ಆಗ ಅವಳ ಜೊತೆಯಲ್ಲಿದ್ದವರು ಯಾರಾದರೂ ಹೇಳಿಕೆ ಕೊಡಬೇಕು ಎಂದರು. ರಾಯರು ಕೊಟ್ಟರು, ನಾನೂ ಕೊಟ್ಟೆ. ಕುಂಟಾಬಿಲ್ಲೆ, ಕಾರ್ಟೂನು, ಊದಿಸಿದ ಮುಖ ಎಲ್ಲ ಹೇಳಿದೆ. ಆಮೇಲೆ, ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವೆಂದರೇನು, ಒಳ್ಳೆಯ ಮನೆಯ ಹುಡುಗಿ ಹೇಗೆ ಕೂರಬೇಕು, ಯಾಕೆ ಅಳಬಾರದು ಎಂಬುದನ್ನೆಲ್ಲ ಆ ಇಂಗ್ಲಿಷ್ ಹೆಂಗಸಿಗೆ ವಿವರಿಸಿದೆ. ಅವರು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಈ ತಿಂಗಳು ತೀರ್ಪು ಬಂತು ಅಕ್ಕ. ಉಡುಪು ಮತ್ತು ಗಾಂಭೀರ್ಯ ನೋಡಿ ವಯಸ್ಸು ಕಟ್ಟಿದ್ದು ತಪ್ಪು, ಅಂದು ಆ ಹುಡುಗಿ ಹೇಳಿದ ವಯಸ್ಸನ್ನೇ ಒಪ್ಪಬೇಕಿತ್ತು ಎಂದಿದ್ದಾರೆ. ಅವಳು ಗೆದ್ದಳು, ನೀವೂ ಗೆದ್ದಿರಿ. ಆದರೆ ಈಗ ಅವಳಿಗೆ ಹದಿನೆಂಟು ನಿಜವಾಗಿಯೇ ದಾಟಿದೆ. ಮಗುವಿಗೆ ಸಿಗಬೇಕಾಗಿದ್ದ ಮನೆ, ಶಾಲೆ, ರಕ್ಷಣೆ ದೊಡ್ಡವಳಿಗೆ ಸಿಗುವುದಿಲ್ಲವಂತೆ. ಇಂಥ ಗೆಲುವನ್ನು ಏನು ಮಾಡಬೇಕು ಹೇಳಿ?

ಮೊನ್ನೆ ಅವಳನ್ನು ಈಸ್ಟ್ ಕ್ರೋಯ್ಡನ್ ಸ್ಟೇಷನ್ನಿನಲ್ಲಿ ಕಂಡೆ. ಅಲ್ಲಿಯವರೆಗೆ ಯಾರನ್ನೂ ನೋಡಲು ಒಲ್ಲೆ ಎನ್ನುತ್ತಿದ್ದಳಂತೆ, ತೀರ್ಪು ಬಂದ ಮೇಲೆ ತಾನಾಗಿಯೇ ವಕೀಲೆಯ ಹತ್ತಿರ ನನ್ನ ನಂಬರು ಕೇಳಿದಳಂತೆ. ನಿಮ್ಮ ಸುದ್ದಿಯನ್ನು ಮನೆಯವರ ಬಾಯಿಂದಲೇ ಕೇಳಲಿ ಎಂದು ವಕೀಲೆ ಅವಳಿಗೆ ಹೇಳಿರಲಿಲ್ಲ. ಇಮಿಗ್ರೇಷನ್ ಆಫೀಸಿನಲ್ಲಿ ಸಹಿ ಹಾಕಿ ಬಂದಿದ್ದಳು, ಇಲ್ಲಿರಲು ಇನ್ನೂ ಪರವಾನಗಿ ಸಿಗದವರು ಆಗಾಗ ಹೋಗಿ ಹಾಕಬೇಕಾದ ಸಹಿ. ಕೆನ್ನೆ ಇಳಿದಿದೆ, ಕೈಯೆಲ್ಲ ಕ್ಲೀನಿಂಗ್ ಕೆಲಸದಿಂದ ಒಡೆದಿದೆ. ನನ್ನನ್ನು ಕಂಡಿದ್ದೇ ಕೇಳಿದಳು, "ಅಕ್ಕಾರು ಹೆಂಗದಾರ್ರೀ?" ಇಷ್ಟು ವರ್ಷ ಯಾರೊಡನೆಯೂ ಆಡದ ಕನ್ನಡ, ನಿಮ್ಮ ಕನ್ನಡ. ನನಗೆ ಕನ್ನಡದಲ್ಲಿ ಹೇಳಲಾಗಲಿಲ್ಲ, ತಮಿಳಿನಲ್ಲಿ ಹೇಳಿದೆ. ಅವಳು ಟ್ರಾಮುಗಳ ಕಡೆ ಮುಖ ತಿರುಗಿಸಿಕೊಂಡಳು. ಆಮೇಲೆ ಕೇಳಿದಳು, "ನಾ ಸುಳ್ಳ ಹೇಳೀನಿ ಅಂತನ ತಿಳ್ಕೊಂಡ ಹೋದ್ರೇನ್ರೀ?"

ನನಗೆ ಅರ್ಥವೇ ಆಗಲಿಲ್ಲ ಅಕ್ಕ. ಬಿಡಿಸಿ ಕೇಳಿದೆ. ಅಂದು ಕಾರಿನಲ್ಲಿ ಬಂದಿದ್ದವರು, ನೀನು ವಯಸ್ಸು ಮುಚ್ಚಿಟ್ಟಿದ್ದೀಯ, ಅದಕ್ಕೇ ಆ ಮನೆಯಲ್ಲಿ ಇರುವ ಹಾಗಿಲ್ಲ ಎಂದಿದ್ದರಂತೆ. ಇವಳು ಅದನ್ನು ನಿಮ್ಮ ಮಾತೆಂದೇ ತಿಳಿದಳು. ಸುಳ್ಳು ಹೇಳಿದವಳನ್ನು ಅಕ್ಕಾರು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು. "ಮಾರಿ ಹೆಂಗ ತೋರಸ್ಲಿ ಅಂತ ಫೋನ್ ಮಾಡ್ಲಿಲ್ರೀ. ಕೋರ್ಟಿನ್ಯಾಗ ಖರೇ ಆದಮ್ಯಾಲ ಬಂದು ಹೇಳೂಣು ಅಂತ ಇದ್ದೆ." ಅದನ್ನು ನಿಮಗೆ ಹೇಳುವುದಕ್ಕಾಗಿಯೇ ಅವಳು ಕೋರ್ಟಿಗೆ ಹೋದದ್ದು. ವೀಸಾಕ್ಕಲ್ಲ, ಮನೆಗಲ್ಲ.

ಅವಳನ್ನು ನಮ್ಮ ಫ್ಲಾಟಿಗೆ ಕರೆತಂದಿದ್ದೇನೆ. ಬುಧವಾರ ಮತ್ತೆ ಸಹಿ ಹಾಕಬೇಕು, ಜೊತೆಗೆ ನಾನು ಹೋಗುತ್ತೇನೆ. ಅಲ್ಲಿಂದಲೇ ವಾಪಸ್ ವಿಮಾನ ಹತ್ತಿಸಿದರೆ... ಬೇಡ, ಅದನ್ನು ಬರೆಯುವುದಿಲ್ಲ. ಇಲ್ಲಿಯೇ ಇರಲು ಬಿಡಿ ಎಂದು ವಕೀಲೆ ಮತ್ತೆ ಅರ್ಜಿ ಹಾಕಿದ್ದಾರೆ, ರಾಯರೂ ಬರುತ್ತೇನೆ ಎಂದಿದ್ದಾರೆ. ಅವಳಿಗೆ ನೀವೇನಾಗಬೇಕು ಎಂದು ಆಫೀಸಿನವರು ಕೇಳಿದರೆ ಮನೆಯವರು ಎನ್ನುತ್ತೇವೆ. ಇಷ್ಟು ನನ್ನ ಮಾತು ನಿಮಗೆ.

ಅವಳು ನಿಮ್ಮ ಮೇಲೆ ಸಿಟ್ಟಾಗಿರಲಿಲ್ಲ, ಅಕ್ಕ. ಒಂದು ದಿನಕ್ಕೂ ಆಗಿರಲಿಲ್ಲ.

ನಿಮ್ಮ
ಸುಮಾ