ರಾಣಿಯ ಕೆನ್ನೆಯ ಗೀರು

ಓರೆಗ್ರುಂಡ್,
ಮೇ ೧೨, ೧೯೮೭

ಪ್ರೀತಿಯ ಯಾಲ್ಮಾರಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದೀಯೋ, ಡಬ್ಬಿಯಲ್ಲೇ ಒಣಗಿಸುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಮದುಮಗಳಾಗುವ ನನ್ನ ಮಗಳು ತೂವಾ ಮಾತ್ರ ಖುಷಿಯಾಗಿದ್ದಾಳೆ. ಮದುವೆಯೂಟಕ್ಕೆ ಹೆರಿಂಗ್ ಮೀನಿನ ಉಪ್ಪಿನಕಾಯಿ ಎಷ್ಟು ಬಗೆ ಇರಬೇಕೆಂದು ನನಗೂ ಅವಳ ಅತ್ತೆಯಾಗುವವಳಿಗೂ ದಿನವೂ ಜಟಾಪಟಿ.

ನೀನು ಕಳಿಸಿದ ಅಪ್ಪನ ಬೆಳ್ಳಿ ನಾಣ್ಯ ನಿನ್ನೆ ಬಂತು. ಪೊಟ್ಟಣ ಬಿಚ್ಚಿದರೆ ನಾಣ್ಯದ ಮೇಲಿನ ರಾಣಿಯ ಮುಖ ಫಳಫಳ ಹೊಳೆಯಿತು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಕೆನ್ನೆಯ ಮೇಲೆ ಗೀರೇ ಇಲ್ಲ!

ನನ್ನ ಮದುವೆ ನೆನಪಿದೆ ತಾನೇ? ಊರಿನ ಅಪ್ಪಂದಿರೆಲ್ಲ ಮಗಳ ಎಡಗಾಲಿನ ಬೂಟಿನೊಳಗೆ ಒಂದು ಚಿಕ್ಕ ಬೆಳ್ಳಿ ಕಾಸಿಟ್ಟು, ಇವಳ ಕೈ ಎಂದೂ ಬರಿದಾಗದಿರಲಿ ಎಂದು ಹರಸಿ ಕಳಿಸಿದರೆ, ನಮ್ಮಪ್ಪ ತನ್ನ ಸಂಗ್ರಹದಲ್ಲೇ ಅಪರೂಪದ, ಮುನ್ನೂರು ವರ್ಷ ಹಳೆಯ, ಬಿಸ್ಕತ್ತಿನಷ್ಟು ದೊಡ್ಡ ನಾಣ್ಯವನ್ನೇ ತುರುಕಿದ. "ನಿಮಗೇನು ತಲೆ ಕೆಟ್ಟಿದ್ಯಾ?" ಎಂದು ಅಮ್ಮ ರೇಗಿದಳು. ನಾನು ಕುಂಟುತ್ತಲೇ ಚರ್ಚಿಗೆ ಹೋದೆ, ಕುಂಟುತ್ತಲೇ ಬೆಳಗಿನವರೆಗೂ ಕುಣಿದೆ. ಬೂಟಿನ ಮೊಳೆಯೊಂದು ಮೇಲೆದ್ದು ರಾಣಿಯ ಕೆನ್ನೆಗೆ ಗೀರೆಳೆದಿತ್ತು. ಅಪ್ಪ ನೋಡಿ ತಲೆ ಚಚ್ಚಿಕೊಂಡ. "ಹೋಯ್ತು, ಅರ್ಧ ಬೆಲೆ ಹೋಯ್ತು!" ಆಮೇಲೆ ಜೋರಾಗಿ ನಕ್ಕ. "ಹೋಗ್ಲಿ ಬಿಡು ಮಗಾ, ಇನ್ನಿದು ನಿಂದೇ ಅಂತ ಗುರುತಾಯ್ತು." ಆ ಮಾತಿಗಿಂತ ದೊಡ್ಡ ಉಡುಗೊರೆ ನನಗೆ ಯಾರೂ ಕೊಟ್ಟಿಲ್ಲ.

ಫೋನಿನಲ್ಲಿ ಕೇಳಿದರೆ ನೀನು ಎಷ್ಟು ಸಲೀಸಾಗಿ ಹೇಳಿದೆ! "ಅದಾ? ಮದುವೆಗೆ ಹೊಳೀಲಿ ಅಂತ ಉಜ್ಜಿಸ್ದೆ ಕಣೇ, ಗೀರೂ ಹೋಯ್ತು." ಉಜ್ಜಿಸಿದೆಯಾ? ನೀನಾ? ಚಿಕ್ಕವನಿದ್ದಾಗ ತಾಮ್ರದ ಕಾಸೊಂದಕ್ಕೆ ಹಲ್ಲುಪುಡಿ ಹಾಕಿ ಉಜ್ಜಿದ್ದಕ್ಕೆ ಅಪ್ಪ ಕಿವಿ ಹಿಂಡಿದ್ದ. "ನೂರಾರು ವರ್ಷದ ಬಣ್ಣಾನ ತೊಳೆದುಬಿಟ್ಯಲ್ಲೋ, ಇನ್ನು ಇದನ್ನ ಯಾರು ಮೂಸ್ತಾರೆ?" ಅಂದಿನಿಂದ ಬಟ್ಟೆಯ ಕೈಗವಸು ಇಲ್ಲದೆ ನಾಣ್ಯ ಮುಟ್ಟದವನು ನೀನು. ಅಪ್ಪ ಮಾಡುತ್ತಿದ್ದ ಹಾಗೆ ಬೆರಳ ತುದಿಯಲ್ಲಿಟ್ಟು ಚಮಚದಿಂದ ಮೆಲ್ಲಗೆ ತಟ್ಟಿ ನೋಡಿದೆ. ಬೆಳ್ಳಿಯಾಗಿದ್ದರೆ ಹಾಡಬೇಕಿತ್ತು. ಇದು ಟಕ್ ಎಂದು ಸುಮ್ಮನಾಯಿತು. ಈ ನಕಲನ್ನು ಯಾವ ಅಂಗಡಿಯಲ್ಲಿ ಮಾಡಿಸಿದೆಯೋ ಮಾರಾಯ.

ನಮ್ಮ ಯಜಮಾನರು ಸಿಕ್ಸ್ಟೆನ್ ಹಾಸಿಗೆ ಹಿಡಿದಾಗ, ಜೋಪಾನವಾಗಿರಲಿ ಎಂದು ನಿನ್ನ ಲಾಕರಿನಲ್ಲಿಟ್ಟಿದ್ದ ನನ್ನ ನಾಣ್ಯವನ್ನು ಮಾರಿಬಿಡೋಣ ಅಣ್ಣಾ ಎಂದು ಅಂಗಲಾಚಿದ್ದೆ. ಆಗ ನೀನು ಮೇಷ್ಟರ ಹಾಗೆ ಪಾಠ ಹೇಳಿದೆ. "ಇಂಥದ್ದು ಲೋಕದಲ್ಲಿ ಎಷ್ಟು ಉಳಿದಿವೆ, ಎಷ್ಟು ಸವೆದಿದೆ, ಯಾರು ಹುಡುಕ್ತಿದಾರೆ, ಇಷ್ಟೇ ನೋಡ್ಬೇಕು. ನಿನ್ ಕಷ್ಟ ನೋಡಿ ನಾಣ್ಯ ಮಾರಬಾರ್ದು. ಇನ್ನೂ ಹತ್ತು ವರ್ಷ ನನ್ ಲಾಕರಲ್ಲಿ ಬಿದ್ದಿರ್ಲಿ." ನಂಬಿದೆ. ಅದರ ಬದಲು ಅವರ ದೋಣಿ ಮಾರಿದೆ. ಸಾಯುವವರೆಗೂ ಅವರು ಕಿಟಕಿಯಿಂದ ದೋಣಿ ಕಟ್ಟುತ್ತಿದ್ದ ಖಾಲಿ ಜಾಗವನ್ನೇ ನೋಡುತ್ತಿದ್ದರು. ಹೇಳು ಅಣ್ಣಾ, ಆ ಪಾಠ ಹೇಳುವಾಗ ನಾಣ್ಯ ನಿನ್ನ ಲಾಕರಿನಲ್ಲಿ ಇತ್ತೋ, ಆಗಲೇ ಇರಲಿಲ್ಲವೋ? ಯಾರೋ ದಾರಿಹೋಕ ಮೋಸ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ನೀನು ಮಾಡಿದೆಯಲ್ಲ, ಹೇಗೆ ಮರೆಯಲಿ?

ಅತ್ತಿಗೆಗೆ ನನ್ನ ಅಕ್ಕರೆ ತಿಳಿಸು. ಪಾಪ, ಅವರಿಗೆ ಇದೊಂದೂ ಗೊತ್ತಿರಲಾರದು. ನಿನಗೆ ಏನು ಹಾರೈಸಲಿ, ತೋಚುತ್ತಿಲ್ಲ.

ನಿನ್ನ ತಂಗಿ,
ಗುನ್ವೋರ್

ಇನ್ನೊಂದು ಮಾತು, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ತೂವಾಗೆ ನಾನು ಏನೂ ಹೇಳಿಲ್ಲ. ಅಪ್ಪ ಇಲ್ಲ, ತಾತನೂ ಇಲ್ಲ, ಬೂಟಿನೊಳಗೆ ನಾಣ್ಯ ಇಡಬೇಕಾದವನು ಮಾವನೇ ಎಂದು ಹಟ ಹಿಡಿದಿದ್ದಾಳೆ. ನೀನು ಕಳಿಸಿದ್ದನ್ನು ಕಡಲಿಗೆ ಎಸೆದೆ. ನಮ್ಮ ನಾಣ್ಯ ತೆಗೆದುಕೊಂಡು ಬಾ. ಮಂಡಿ ನೋಯಲಿ ಬಿಡಲಿ, ಅವಳ ಮುಂದೆ ಮಂಡಿಯೂರಲೇಬೇಕು. ನಾನು ಪಕ್ಕದಲ್ಲೇ ನಿಂತು ಗೀರು ನೋಡುತ್ತೇನೆ. ಮಾರಿಬಿಟ್ಟಿದ್ದರೂ ಬಾ. ಅದನ್ನು ಅವಳ ಪಾದ ಹಿಡಿದುಕೊಂಡು ನೀನೇ ಹೇಳು.